ಕೌಂಟರ್‌ನಲ್ಲೇ ಪ್ರೆಪ್: ‘ಸೋಮವಾರ ಬನ್ನಿ’ ಎನ್ನದಿರಲು ಬೇಕಾದ ತಯಾರಿ

2018ರ ಒಂದು ಶನಿವಾರ ಸಂಜೆ. ಅಂಗಡಿ ಮುಚ್ಚಲು ಇನ್ನು ಇಪ್ಪತ್ತು ನಿಮಿಷ. ಒಬ್ಬ ಹೆಂಗಸು ನನ್ನ ಕೌಂಟರ್ ಮುಂದೆ ನಿಂತು ಎರಡು ಸಲ ಏನೋ ಹೇಳಹೊರಟು ತಡೆದರು. ಮೂರನೆಯ ಸಲ ಹೇಳಿಯೇಬಿಟ್ಟರು. ಹಿಂದಿನ ರಾತ್ರಿ ಕಾಂಡೋಮ್ ಹರಿದಿತ್ತು. ಜೊತೆಗಿದ್ದವನಿಗೆ ಎಚ್‌ಐವಿ ಇದೆಯೆಂದು ಬೆಳಿಗ್ಗೆ ತಿಳಿದಿತ್ತು. ಇದಕ್ಕೆ ಮಾತ್ರೆ ಇದೆಯಂತಲ್ಲ, ಕೊಡುವಿರಾ ಎಂದು ಕೇಳಿದರು. ಮಾತ್ರೆ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ವೈದ್ಯರ ಚೀಟಿಯಿಲ್ಲದೆ ಕೊಡುವ ಅಧಿಕಾರ ನನಗಿರಲಿಲ್ಲ. “ಸೋಮವಾರ ನಿಮ್ಮ ವೈದ್ಯರನ್ನು ಕಂಡು ಚೀಟಿ ತನ್ನಿ” ಎಂದೆ. ಸೋಮವಾರ ಅವರಿಗೆ ಕ್ಲಿನಿಕ್‌ನಲ್ಲಿ ಸಮಯ ಸಿಗಲಿಲ್ಲ. ಮಂಗಳವಾರ ಸಿಕ್ಕಿತು. ಅಷ್ಟರಲ್ಲಿ 72 ಗಂಟೆ ದಾಟಿತ್ತು, ಇನ್ನು ಮಾತ್ರೆ ಕೊಟ್ಟು ಪ್ರಯೋಜನವಿಲ್ಲ ಎಂದು ವೈದ್ಯರು ಹೇಳಿದರಂತೆ. ಅಷ್ಟನ್ನು ಫೋನ್ ಮಾಡಿ ತಿಳಿಸಿದರು. ಮತ್ತೆ ಅವರು ನಮ್ಮ ಅಂಗಡಿಗೆ ಬರಲಿಲ್ಲ.

ಅಂದು ನಾನು ಮಾಡಬಹುದಾಗಿದ್ದ ಒಂದು ಕೆಲಸವಿತ್ತು. ಹತ್ತು ನಿಮಿಷದ ದಾರಿಯಲ್ಲಿದ್ದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಅವರನ್ನು ಆಗಿಂದಾಗಲೇ ಕಳುಹಿಸಬಹುದಿತ್ತು. ಅದು ಹೊಳೆಯಲಿಲ್ಲ. ಈ ಬರಹವನ್ನು ಬರೆಯುತ್ತಿರುವುದಕ್ಕೆ ಅದೇ ಕಾರಣ. ಕ್ಯಾಲಿಫೋರ್ನಿಯಾದಲ್ಲಿ ಪರವಾನಗಿ ಪಡೆದು ಔಷಧಿ ಅಂಗಡಿಗಳಲ್ಲಿ ನಿಂತಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಈಗ ಬಹಳ ಮಂದಿ ಇದ್ದೀರಿ. ದಾವಣಗೆರೆಯಲ್ಲಿ ಬಿ.ಫಾರ್ಮ್ ಓದಿ, ಇಲ್ಲಿನ ಪರೀಕ್ಷೆಗಳನ್ನೆಲ್ಲ ಒಂದೊಂದಾಗಿ ದಾಟಿ ಬಂದವರಲ್ಲಿ ನಾನೂ ಒಬ್ಬಳು. ವೈದ್ಯರ ಚೀಟಿಯಿಲ್ಲದೆ ಎಚ್‌ಐವಿ ತಡೆಯುವ ಮಾತ್ರೆ ಕೊಡುವ, ಅಂದು ನನಗಿಲ್ಲದಿದ್ದ ಅಧಿಕಾರ ಇಂದು ನಿಮಗಿದೆ. ಅದನ್ನು ಬಳಸುವುದು ಹೇಗೆ ಎಂಬುದಷ್ಟೇ ಇಲ್ಲಿರುವ ವಿಷಯ.

ಕಾನೂನು ಏನು ಹೇಳುತ್ತದೆ

ಮೊದಲು ಎರಡು ಹೆಸರುಗಳು. ಪ್ರೆಪ್ ಎಂದರೆ ಎಚ್‌ಐವಿ ಇಲ್ಲದವರು ಅದು ತಗಲದಂತೆ ಮುಂಚಿತವಾಗಿ ತೆಗೆದುಕೊಳ್ಳುವ ಔಷಧ. ಅಮೆರಿಕದ ಔಷಧ ಆಡಳಿತವಾದ ಎಫ್‌ಡಿಎ 2012ರ ಜುಲೈನಲ್ಲಿ ಇದಕ್ಕಾಗಿ ಮೊದಲು ಒಪ್ಪಿದ್ದು ಟ್ರುವಾಡ ಎಂಬ ಮಾತ್ರೆಯನ್ನು. ಹೇಳಿದ ಹಾಗೆ ತೆಗೆದುಕೊಂಡರೆ ಲೈಂಗಿಕ ಸಂಪರ್ಕದಿಂದ ಸೋಂಕು ತಗಲುವ ಸಾಧ್ಯತೆ ಶೇ 99ರಷ್ಟು ಇಳಿಯುತ್ತದೆ. ಪೆಪ್ ಎಂದರೆ ವೈರಾಣು ದೇಹ ಹೊಕ್ಕಿರಬಹುದಾದ ಘಟನೆ ನಡೆದ ಮೇಲೆ, 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳುವ ಔಷಧ. ಆ ಶನಿವಾರದ ಹೆಂಗಸಿಗೆ ಬೇಕಿದ್ದದ್ದು ಪೆಪ್.

ಫಾರ್ಮಸಿಸ್ಟ್‌ಗಳು ಈ ಕೆಲಸ ಮಾಡಬಲ್ಲರು ಎಂಬುದನ್ನು ಸಿಯಾಟಲ್‌ನ ಕೆಲ್ಲಿ-ರಾಸ್ ಎಂಬ ಔಷಧಿ ಅಂಗಡಿ 2014ರಲ್ಲೇ ತೋರಿಸಿಕೊಟ್ಟಿತ್ತು. ಅಲ್ಲಿ ಒಬ್ಬ ವೈದ್ಯರ ಜೊತೆ ಒಪ್ಪಂದ ಮಾಡಿಕೊಂಡು ಫಾರ್ಮಸಿಸ್ಟ್‌ಗಳೇ ಪ್ರೆಪ್ ಕೊಡತೊಡಗಿದರು. ಕ್ಯಾಲಿಫೋರ್ನಿಯಾ ರಾಜ್ಯ ಅಂಥ ಒಪ್ಪಂದದ ಅಗತ್ಯವನ್ನೇ ತೆಗೆದುಹಾಕಿತು. 2019ರ ಅಕ್ಟೋಬರ್‌ನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದ ಎಸ್‌ಬಿ 159 ಕಾನೂನು, ಫಾರ್ಮಸಿಸ್ಟ್ ತಾನಾಗಿಯೇ ಪ್ರೆಪ್ ಮತ್ತು ಪೆಪ್ ಒದಗಿಸಬಹುದು ಎಂದಿತು. ಆದರೆ ಪ್ರೆಪ್‌ಗೆ ಒಂದು ಕಟ್ಟು ಇತ್ತು: 60 ದಿನದಷ್ಟು ಮಾತ್ರ, ಅದೂ ಎರಡು ವರ್ಷಕ್ಕೊಮ್ಮೆ. ಎರಡು ತಿಂಗಳು ಕೊಟ್ಟು, ಆಮೇಲೆ ವೈದ್ಯರಿಲ್ಲದವನನ್ನು ವೈದ್ಯರ ಬಳಿಗೆ ಹೋಗೆನ್ನುವುದು ಅರ್ಧ ಸೇತುವೆ ಕಟ್ಟಿದ ಹಾಗೆ. ಬಹಳ ಅಂಗಡಿಗಳು ಶುರುವನ್ನೇ ಮಾಡಲಿಲ್ಲ. 2024ರ ಫೆಬ್ರವರಿಯಲ್ಲಿ ಬಂದ ಎಸ್‌ಬಿ 339 ಆ ಕಟ್ಟನ್ನು ಸಡಿಲಿಸಿತು. ಈಗ 90 ದಿನದವರೆಗೆ ಕೊಡಬಹುದು. ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ಹೇಳುವ ಪರೀಕ್ಷೆಗಳು ಸಮಯಕ್ಕೆ ಸರಿಯಾಗಿ ಆಗುತ್ತಿದ್ದರೆ ಅದರಾಚೆಗೂ ಮುಂದುವರಿಸಬಹುದು. ಒರೆಗಾನ್, ಕೊಲರಾಡೊ, ನೆವಾಡಗಳಲ್ಲೂ ಇಂಥ ಕಾನೂನುಗಳಿವೆ. ಷರತ್ತುಗಳು ಬೇರೆ, ಅಲ್ಲಿದ್ದರೆ ಅಲ್ಲಿನದನ್ನೇ ಓದಿ.

ಊರಿನಲ್ಲಿ ಇದನ್ನು ಓದುತ್ತಿರುವ ಔಷಧಿ ಅಂಗಡಿಯವರಿಗೆ ಒಂದು ಮಾತು. ಭಾರತದಲ್ಲಿ ಈ ಮಾತ್ರೆಗಳನ್ನು ವೈದ್ಯರ ಚೀಟಿಯಿಲ್ಲದೆ ಕೊಡುವಂತಿಲ್ಲ. ಯಾರಾದರೂ ಕೇಳಿದರೆ ದಯವಿಟ್ಟು ಆಗಲೇ ಆಸ್ಪತ್ರೆಗೆ ಕಳುಹಿಸಿ. 72 ಗಂಟೆಯ ಲೆಕ್ಕ ಎಲ್ಲ ಕಡೆಯೂ ಒಂದೇ.

ಮೊದಲ ವ್ಯಕ್ತಿ ಬರುವ ಮುನ್ನ

ರಾಜ್ಯದ ಫಾರ್ಮಸಿ ಮಂಡಳಿ ಒಪ್ಪಿದ ತರಬೇತಿ ಮುಗಿಸಿ, ಪ್ರಮಾಣಪತ್ರವನ್ನು ಅಂಗಡಿಯ ಕಡತದಲ್ಲಿಡಿ. ಅದಕ್ಕೆ ಅರ್ಧ ದಿನವೂ ಬೇಕಾಗುವುದಿಲ್ಲ. ಬೆರಳು ಚುಚ್ಚಿ ಮಾಡುವ ಎಚ್‌ಐವಿ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡುವುದಾದರೆ ಪ್ರಯೋಗಾಲಯ ಪರೀಕ್ಷೆಗಳ ಬಗ್ಗೆ ಅಮೆರಿಕದ ಕೇಂದ್ರ ಸರ್ಕಾರದ ಕಾನೂನಾದ ಕ್ಲಿಯಾದ ವಿನಾಯಿತಿ ಪತ್ರ ಮತ್ತು ರಾಜ್ಯದ ಪ್ರಯೋಗಾಲಯ ನೋಂದಣಿ ಎರಡೂ ಬೇಕು. ಹತ್ತಿರದ ಯಾವ ಪ್ರಯೋಗಾಲಯಕ್ಕೆ ರಕ್ತ ಕಳುಹಿಸುತ್ತೀರಿ, ಫಲಿತಾಂಶ ನಿಮಗೆ ಹೇಗೆ ತಲುಪುತ್ತದೆ ಎಂಬುದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಎಚ್‌ಐವಿ ಚಿಕಿತ್ಸೆ ಕೊಡುವ ಕ್ಲಿನಿಕ್‌ಗಳ ಪಟ್ಟಿಯೊಂದು ಕೈಯಳತೆಯಲ್ಲಿರಲಿ. ಆ ಪಟ್ಟಿಯಲ್ಲಿರುವ ಪ್ರತಿ ಕ್ಲಿನಿಕ್‌ಗೂ ನೀವೇ ಒಮ್ಮೆ ಫೋನ್ ಮಾಡಿ ನೋಡಿ. ನನ್ನ ಮೊದಲ ಪಟ್ಟಿಯಲ್ಲಿ ಎರಡು ಕ್ಲಿನಿಕ್‌ಗಳು ಮುಚ್ಚಿ ಹೋಗಿದ್ದವು.

ಮಾಲೀಕರ ಜೊತೆ ನೀವು ವಾದಿಸಬೇಕಾಗಿ ಬರುವುದು ದಾಸ್ತಾನಿನ ವಿಷಯದಲ್ಲಿ. ಪೆಪ್‌ಗೆ ಬೇಕಾದ ಔಷಧದ ಒಂದು ಪೂರ್ತಿ ಡಬ್ಬಿ ಯಾವಾಗಲೂ ಕಪಾಟಿನಲ್ಲಿರಬೇಕು. ಬಿಕ್ಟಾರ್ವಿಯಂಥ ಮಾತ್ರೆಯ ಡಬ್ಬಿಗೆ ಸಾವಿರಾರು ಡಾಲರ್. ಅಷ್ಟು ಹಣವನ್ನು ಸುಮ್ಮನೆ ಇಟ್ಟುಕೊಳ್ಳುವುದು ಯಾರಿಗೂ ಕಷ್ಟವೇ. ನಾನು ನಮ್ಮ ಮಾಲೀಕರಿಗೆ ಹೇಳಿದ್ದು ಇಷ್ಟು: ಇದೇ ಮಾತ್ರೆಯನ್ನು ಎಚ್‌ಐವಿ ಚಿಕಿತ್ಸೆಗೂ ಕೊಡುತ್ತಾರೆ, ನಮ್ಮಲ್ಲಿ ಅದನ್ನು ತಿಂಗಳು ತಿಂಗಳು ಕೊಳ್ಳುವವರಿದ್ದಾರೆ, ಅವಧಿ ಮುಗಿಯುವ ಮುಂಚೆ ಅದು ಖಂಡಿತ ಖರ್ಚಾಗುತ್ತದೆ. ಒಂದು ಹೋದರೆ ಮರುದಿನ ಇನ್ನೊಂದು ತರಿಸಿದರಾಯಿತು. ಅವರು ಒಪ್ಪಿದರು.

ಇನ್ನು ಕೋಣೆ. ಲಸಿಕೆ ಹಾಕುವ ಸಣ್ಣ ಕೋಣೆ ಬಹುತೇಕ ಅಂಗಡಿಗಳಲ್ಲಿದೆ. ಬಾಗಿಲು ಹಾಕಿದಾಗ ಒಳಗಿನ ಮಾತು ಹೊರಗೆ ಕೇಳಿಸುತ್ತದೆಯೇ ಎಂದು ಒಬ್ಬರನ್ನು ಒಳಗೆ ಮಾತನಾಡಲು ಬಿಟ್ಟು ನೀವು ಹೊರಗೆ ನಿಂತು ಕೇಳಿ. ನಮ್ಮಲ್ಲಿ ಕೇಳಿಸುತ್ತಿತ್ತು. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿದೆವು.

ಮೊದಲ ಐದು ನಿಮಿಷ

ಈ ಭಾಗವನ್ನು ಯಾವ ತರಬೇತಿಯೂ ಸರಿಯಾಗಿ ಕಲಿಸುವುದಿಲ್ಲ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಹೋದ ವರ್ಷ ಒಬ್ಬ ಹುಡುಗ ಬಂದ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಕೌಂಟರ್ ಮೇಲೆ ನಾವು ಒಂದು ಪುಟ್ಟ ಫಲಕ ಇಟ್ಟಿದ್ದೇವೆ: ‘ಪ್ರೆಪ್ ಬಗ್ಗೆ ಇಲ್ಲಿ ಕೇಳಿ.’ ಅದನ್ನು ನೋಡಿದ. ಆಮೇಲೆ ನನ್ನ ಕೋಟಿನ ಮೇಲಿನ ಹೆಸರಿನ ಪಟ್ಟಿ ನೋಡಿದ. “ನೀವು ಕರ್ನಾಟಕದವರೇ?” ಎಂದು ಕನ್ನಡದಲ್ಲೇ ಕೇಳಿದ. ಹೌದೆಂದೆ. ಊರಿನವರು ಸಿಕ್ಕರೆ ಸಾಮಾನ್ಯವಾಗಿ ಮುಖ ಅರಳುತ್ತದೆ. ಇವನ ಮುಖ ಬಾಡಿತು. “ಏನಿಲ್ಲ ಅಕ್ಕ, ಕೆಮ್ಮಿನ ಔಷಧಿ ಬೇಕಿತ್ತು” ಎಂದು ಕೈಗೆ ಸಿಕ್ಕ ಬಾಟಲಿಯನ್ನು ತಂದು ಕೌಂಟರ್ ಮೇಲಿಟ್ಟ.

ಅವನ ಭಯ ನನಗೆ ಗೊತ್ತಾಯಿತು. ಯುಗಾದಿಗೆ, ರಾಜ್ಯೋತ್ಸವಕ್ಕೆ ಕನ್ನಡ ಕೂಟದಲ್ಲಿ ನಾವೆಲ್ಲ ಸೇರುತ್ತೇವೆ. ಅವನ ಅಮ್ಮ ಮತ್ತು ನಾನು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತಿರಬಹುದು. ನಮ್ಮವರಲ್ಲಿ ಈ ಔಷಧ ಕೇಳಲು ಬರುವವನಿಗೆ ಅಪರಿಚಿತ ಫಾರ್ಮಸಿಸ್ಟ್‌ಗಿಂತ ಕನ್ನಡದ ಫಾರ್ಮಸಿಸ್ಟ್ ಹೆಚ್ಚು ಭಯ. ಇದನ್ನು ನೀವು ತಿಳಿದಿರಬೇಕು.

ಕೆಮ್ಮಿನ ಔಷಧಿಗೆ ಬಿಲ್ ಮಾಡಿದೆ. ಚಿಲ್ಲರೆ ಕೊಡುವಾಗ ದನಿ ತಗ್ಗಿಸಿ ಹೇಳಿದೆ: “ಆ ಫಲಕದ ಬಗ್ಗೆ ಏನಾದರೂ ಕೇಳಬೇಕಿದ್ದರೆ ಒಳಗೆ ಒಂದು ಕೋಣೆ ಇದೆ. ಇಲ್ಲಿ ಹೇಳಿದ್ದನ್ನು ನಾನು ಯಾರಿಗೂ ಹೇಳುವಂತಿಲ್ಲ, ಹೇಳುವುದೂ ಇಲ್ಲ. ಹೊರಗೆ ಎಲ್ಲಾದರೂ ಕಂಡರೆ ನೀನಾಗಿ ಮಾತನಾಡಿಸುವ ತನಕ ನಾನು ಮಾತನಾಡಿಸುವುದಿಲ್ಲ. ನಾನು ಬೇಡವೆನಿಸಿದರೆ ಗುರುವಾರ ಬಾ, ಬೇರೆಯವರು ಇರುತ್ತಾರೆ.” ಅವನು ಬಾಗಿಲ ತನಕ ಹೋಗಿ, ಅಲ್ಲಿ ಶುಭಾಶಯ ಪತ್ರಗಳ ಮುಂದೆ ಸ್ವಲ್ಪ ಹೊತ್ತು ನಿಂತು, ಹಿಂದಿರುಗಿ ಬಂದ. “ಕೋಣೆ ಎಲ್ಲಿದೆ ಅಕ್ಕ?” ಎಂದ.

ದಾವಣಗೆರೆಯಲ್ಲಿ ನಮ್ಮ ಅಪ್ಪನದು ಔಷಧಿ ಅಂಗಡಿ. ನಿರೋಧ್ ಕೇಳಲು ಬಂದವರು ಅದರ ಹೆಸರು ಹೇಳುವ ಮುಂಚೆಯೇ ಅಪ್ಪ ಪ್ಯಾಕೆಟ್ಟನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮಡಿಸಿ, ಚಿಲ್ಲರೆಯ ಜೊತೆ ಕೈಗಿಡುತ್ತಿದ್ದರು. ಮುಖ ಎತ್ತಿ ನೋಡುತ್ತಿರಲಿಲ್ಲ. ಚಿಕ್ಕವಳಿದ್ದಾಗ ಅದು ಒರಟುತನ ಎಂದುಕೊಂಡಿದ್ದೆ. ಬಂದವನಿಗೆ ಅವರು ಮಾಡುತ್ತಿದ್ದ ಉಪಕಾರ ಅದು.

ಒಳಗೆ ಕುಳಿತ ಮೇಲೆ ಮೊದಲು ಹೇಳಬೇಕಾದ ಮಾತು: “ಇವು ನಾನು ಎಲ್ಲರಿಗೂ ಕೇಳುವ ಪ್ರಶ್ನೆಗಳು. ಇಷ್ಟವಿಲ್ಲದ್ದಕ್ಕೆ ಉತ್ತರ ಹೇಳದಿದ್ದರೂ ಪರವಾಗಿಲ್ಲ.” ‘ನಿಮಗೇಕೆ ಬೇಕು’ ಎಂದು ಕೇಳಬೇಡಿ. ಲೈಂಗಿಕ ಜೀವನದಲ್ಲಿರುವ ಎಲ್ಲ ವಯಸ್ಕರಿಗೂ ಪ್ರೆಪ್ ಬಗ್ಗೆ ತಿಳಿಸಿ, ಕಾರಣ ಹೇಳದಿದ್ದರೂ ಕೇಳಿದವರಿಗೆ ಕೊಡಿ ಎಂದು ಸಿಡಿಸಿಯ 2021ರ ಮಾರ್ಗಸೂಚಿಯೇ ಹೇಳುತ್ತದೆ. ‘ಅಪಾಯದ ಗುಂಪಿನವರು’ ಎಂಬ ಮಾತು ನಿಮ್ಮ ಬಾಯಿಂದ ಬರುವುದೇ ಬೇಡ. ಎದುರಿಗೆ ಕುಳಿತವರ ಸಂಗಾತಿ ಗಂಡೋ ಹೆಣ್ಣೋ ಎಂದು ನೀವೇ ಊಹಿಸಿಕೊಳ್ಳಬೇಡಿ. ಮದುವೆಯಾದ ಹೆಂಗಸರೂ ಬರುತ್ತಾರೆ. ಅವರಿಗೆ ಈ ಔಷಧದ ಅಗತ್ಯವಿಲ್ಲವೆಂದು ತಿಳಿಯುವವರು ಲೋಕವನ್ನು ಸರಿಯಾಗಿ ನೋಡಿಲ್ಲ.

ನೋಡಬೇಕಾದದ್ದು

ಪ್ರೆಪ್ ಕೊಡುವ ಮೊದಲು ಕಳೆದ ಏಳು ದಿನದೊಳಗೆ ಮಾಡಿದ ಎಚ್‌ಐವಿ ಪರೀಕ್ಷೆ ನೆಗೆಟಿವ್ ಇರಬೇಕು. ಅಂಥ ಪರೀಕ್ಷೆ ಆಗಿಲ್ಲದಿದ್ದರೆ ಅದಕ್ಕೆ ಬರೆದುಕೊಡುವ ಅಧಿಕಾರವೂ ನಿಮಗೇ ಇದೆ. ಅಂಗಡಿಯಲ್ಲೇ ಮಾಡಿದರೆ ಬೆರಳಿನಿಂದ ಒಂದು ಹನಿ ರಕ್ತ, ಸುಮಾರು 20 ನಿಮಿಷ. ಆ 20 ನಿಮಿಷ ಎದುರಿಗಿರುವವರಿಗೆ ಬಹಳ ಉದ್ದ. ಅವರನ್ನು ಒಂಟಿಯಾಗಿ ಬಿಡಬೇಡಿ, ಉಳಿದ ಪ್ರಶ್ನೆಗಳನ್ನು ಆಗಲೇ ಕೇಳಿ ಮುಗಿಸಿ.

ಹೊಸ ಸೋಂಕು ಪರೀಕ್ಷೆಗೆ ತಕ್ಷಣ ಸಿಗುವುದಿಲ್ಲ. ವೈರಾಣುವಿನ ಅಂಶವನ್ನೂ ಅದರ ವಿರುದ್ಧ ದೇಹ ಹುಟ್ಟಿಸುವ ಪ್ರತಿಕಾಯವನ್ನೂ ಹುಡುಕುವ ಪ್ರಯೋಗಾಲಯದ ಪ್ರತಿಜನಕ-ಪ್ರತಿಕಾಯ ಪರೀಕ್ಷೆಗೂ 18ರಿಂದ 45 ದಿನ ಬೇಕು, ಬೆರಳಿನ ರಕ್ತದ ಪರೀಕ್ಷೆಗೆ 90 ದಿನವೂ ಆಗಬಹುದು. ಆದ್ದರಿಂದ ಇತ್ತೀಚೆಗೆ ಜ್ವರ, ಗಂಟಲುನೋವು, ಮೈಮೇಲೆ ದದ್ದು, ಕುತ್ತಿಗೆಯ ಗಂಟುಗಳ ಊತ, ವಿಪರೀತ ಸುಸ್ತು ಇತ್ತೇ ಎಂದು ಕಾನೂನು ಕೇಳುವ ಲಕ್ಷಣಗಳ ಪಟ್ಟಿಯನ್ನು ಅವರಿಂದಲೇ ತುಂಬಿಸಿ. ಅದನ್ನು ಬರೀ ಸಹಿ ಹಾಕಿಸುವ ಕಾಗದವೆಂದು ತಿಳಿಯಬೇಡಿ. ಮೂರು ದಿನದೊಳಗೆ ಸಂಪರ್ಕವಾಗಿದೆ ಎಂದು ಮಾತಿನ ನಡುವೆ ಹೊರಬಂದರೆ ಅವರಿಗೆ ಬೇಕಿರುವುದು ಪ್ರೆಪ್ ಅಲ್ಲ, ಪೆಪ್, ಗಂಟೆಗಳನ್ನು ಎಣಿಸಿ.

ಪರೀಕ್ಷೆ ಪಾಸಿಟಿವ್ ಬಂದರೆ ‘ನಿಮಗೆ ಎಚ್‌ಐವಿ ಇದೆ’ ಎನ್ನಬೇಡಿ. ಇದು ಮೊದಲ ಸೂಚನೆ, ಖಚಿತಪಡಿಸಲು ಇನ್ನೊಂದು ಪರೀಕ್ಷೆಯಾಗಬೇಕು ಎಂದು ಹೇಳಿ. ಚಿಕಿತ್ಸೆ ಪಡೆದವರು ಪೂರ್ಣ ಆಯುಷ್ಯ ಬಾಳುತ್ತಾರೆ, ರಕ್ತದಲ್ಲಿ ವೈರಾಣು ಕಾಣದಷ್ಟು ಇಳಿದರೆ ಸಂಗಾತಿಗೂ ಹರಡುವುದಿಲ್ಲ ಎಂಬುದನ್ನು ಅದೇ ಉಸಿರಿನಲ್ಲಿ ಹೇಳಿ. ಆ ಕ್ಲಿನಿಕ್ ಪಟ್ಟಿಯನ್ನು ಕೈಗಿತ್ತು ಕಳುಹಿಸಬೇಡಿ. ಅವರ ಎದುರಿನಲ್ಲೇ ನೀವು ಫೋನ್ ಮಾಡಿ ಸಮಯ ಗೊತ್ತು ಮಾಡಿಕೊಡಿ.

ಮೂತ್ರಪಿಂಡ ಮತ್ತು ಹೆಪಟೈಟಿಸ್ ಬಿ ಪರೀಕ್ಷೆಗೆ ಅದೇ ದಿನ ರಕ್ತ ಕಳುಹಿಸಿ. ಮೂತ್ರಪಿಂಡದ ತೊಂದರೆ ಇದೆಯೆಂದು ಮೊದಲೇ ಗೊತ್ತಿಲ್ಲದವರಿಗೆ ಫಲಿತಾಂಶಕ್ಕೆ ಕಾಯದೆ ಅಂದೇ ಮಾತ್ರೆ ಶುರುಮಾಡಬಹುದು, ನಾನು ಹಾಗೇ ಮಾಡುತ್ತೇನೆ. ಹೆಪಟೈಟಿಸ್ ಬಿ ಏಕೆಂದರೆ ಈ ಮಾತ್ರೆಗಳು ಆ ವೈರಾಣುವನ್ನೂ ಅದುಮಿಡುತ್ತವೆ. ಥಟ್ಟನೆ ನಿಲ್ಲಿಸಿದರೆ ಯಕೃತ್ತಿನ ರೋಗ ಉಲ್ಬಣಿಸಬಹುದು. ಅಂಥವರನ್ನು ವೈದ್ಯರ ಜೊತೆ ಸೇರಿಯೇ ನೋಡಿಕೊಳ್ಳಬೇಕು.

ಯಾವ ಮಾತ್ರೆ, ಹೇಗೆ

ಹೆಚ್ಚಿನವರಿಗೆ ಟೆನೊಫೊವಿರ್ ಡೈಸೊಪ್ರಾಕ್ಸಿಲ್ ಮತ್ತು ಎಮ್ಟ್ರಿಸಿಟಬೈನ್ ಸೇರಿದ ಜನರಿಕ್ ಮಾತ್ರೆಯೇ ಸಾಕು, ದಿನಕ್ಕೊಂದು. ಮೂತ್ರಪಿಂಡದ ಶೋಧನೆಯ ಅಳತೆ (ಕ್ರಿಯಾಟಿನಿನ್ ಕ್ಲಿಯರೆನ್ಸ್) ನಿಮಿಷಕ್ಕೆ 60 ಮಿಲಿಗಿಂತ ಕಡಿಮೆ ಇದ್ದರೆ ಇದನ್ನು ಕೊಡುವಂತಿಲ್ಲ. 30ರ ತನಕ ಡೆಸ್ಕೋವಿ ಎಂಬ ಇನ್ನೊಂದು ಮಾತ್ರೆ ನಡೆಯುತ್ತದೆ, ಆದರೆ ಯೋನಿ ಸಂಭೋಗದಿಂದ ಸೋಂಕಿನ ಸಾಧ್ಯತೆ ಇರುವವರಿಗೆ ಅದಕ್ಕೆ ಒಪ್ಪಿಗೆ ಇಲ್ಲ. ದಿನವೂ ಮಾತ್ರೆ ನೆನಪಿಡುವುದು ಕಷ್ಟ ಎನ್ನುವವರಿಗೆ ಚುಚ್ಚುಮದ್ದುಗಳೂ ಇವೆ ಎಂದು ತಿಳಿಸಿ. ಎರಡು ತಿಂಗಳಿಗೊಮ್ಮೆ ಕೊಡುವ ಕ್ಯಾಬೊಟೆಗ್ರವಿರ್‌ಗೆ 2021ರ ಡಿಸೆಂಬರ್‌ನಲ್ಲಿ, ಆರು ತಿಂಗಳಿಗೊಮ್ಮೆ ಕೊಡುವ ಲೆನಕಾಪವಿರ್‌ಗೆ 2025ರ ಜೂನ್‌ನಲ್ಲಿ ಒಪ್ಪಿಗೆ ಸಿಕ್ಕಿದೆ.

ತಿಳಿವಳಿಕೆ ಹೇಳುವುದನ್ನು ಬೇಡವೆನ್ನಲು ಈ ಕಾನೂನಿನಲ್ಲಿ ಅವಕಾಶವಿಲ್ಲ. ಅವಸರದಲ್ಲಿರುವವರಿಗೂ ಹೇಳಲೇಬೇಕು. ನಾನು ಒತ್ತಿ ಹೇಳುವ ಸಂಗತಿ ರಕ್ಷಣೆ ಯಾವಾಗ ಶುರುವಾಗುತ್ತದೆ ಎಂಬುದು. ದಿನವೂ ತೆಗೆದುಕೊಂಡರೆ ಗುದ ಸಂಭೋಗದಲ್ಲಿ ಸ್ವೀಕರಿಸುವವರಿಗೆ ಸುಮಾರು 7 ದಿನ, ಯೋನಿ ಸಂಭೋಗದಲ್ಲಿ ಸ್ವೀಕರಿಸುವವರಿಗೆ ಸುಮಾರು 21 ದಿನ ಬೇಕು. ಈ ಪದಗಳನ್ನು ಬಾಯಿಬಿಟ್ಟು ಹೇಳಲು ನನಗೂ ಮೊದಲು ನಾಲಗೆ ತೊಡರುತ್ತಿತ್ತು. ಮನೆಯಲ್ಲಿ ಕನ್ನಡಿ ಮುಂದೆ ನಿಂತು ಹೇಳಿ ಹೇಳಿ ರೂಢಿ ಮಾಡಿಕೊಂಡೆ. ನೀವೂ ಮಾಡಿಕೊಳ್ಳಿ, ಏಕೆಂದರೆ ನೀವು ತಡವರಿಸಿದರೆ ಎದುರಿಗಿರುವವರು ಬಾಯಿ ಮುಚ್ಚುತ್ತಾರೆ. ಮೊದಲ ವಾರಗಳಲ್ಲಿ ಸ್ವಲ್ಪ ಹೊಟ್ಟೆ ತೊಳೆಸುವುದು, ತಲೆನೋವು ಬರಬಹುದು, ಹೋಗುತ್ತದೆ. ಬೇರೆ ಲೈಂಗಿಕ ರೋಗಗಳನ್ನು ಇದು ತಡೆಯುವುದಿಲ್ಲ, ಕಾಂಡೋಮ್ ಅದಕ್ಕೆ ಬೇಕು. ಮಾತ್ರೆಯನ್ನು ದಿನವೂ ತಪ್ಪದೆ ಮಾಡುವ ಯಾವುದಾದರೂ ಕೆಲಸಕ್ಕೆ ಜೋಡಿಸಲು ಹೇಳಿ. ಆ ಹುಡುಗ ಡಬ್ಬಿಯನ್ನು ಬೆಳಗಿನ ಕಾಫಿಪುಡಿಯ ಪಕ್ಕ ಇಟ್ಟುಕೊಂಡಿದ್ದಾನೆ.

ಪೆಪ್: ಗಡಿಯಾರ ನೋಡಿ

ಪೆಪ್ ಕೇಳಿ ಬಂದವರಿಗೆ ಮೊದಲ ಪ್ರಶ್ನೆ ‘ಯಾವಾಗ’ ಎಂಬುದೊಂದೇ. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, 72 ಗಂಟೆ ಎಂಬುದು ಕೊನೆಯ ಗಡಿ. ಸಾಲಿನಲ್ಲಿ ಎಷ್ಟೇ ಜನರಿರಲಿ, ಇವರನ್ನು ಮೊದಲು ಒಳಗೆ ಕರೆಯಿರಿ. ಎಚ್‌ಐವಿ ಪರೀಕ್ಷೆ ಮಾಡಿಸಿ. ಬೇಡವೆಂದರೂ ಉಳಿದದ್ದು ಸರಿಯಿದ್ದರೆ ಔಷಧ ಕೊಡಲು ಕಾನೂನು ಬಿಡುತ್ತದೆ. ಮೊದಲ ಮಾತ್ರೆಯನ್ನು ಆ ಕೋಣೆಯಲ್ಲೇ, ನಿಮ್ಮ ಎದುರಿನಲ್ಲೇ ನುಂಗಲಿ. ಒಂದು ಲೋಟ ನೀರು ನೀವೇ ತಂದುಕೊಡಿ.

ಬಿಕ್ಟಾರ್ವಿ ಅಥವಾ ಡೊಲುಟೆಗ್ರವಿರ್ ಇರುವ ಔಷಧ ಕೊಟ್ಟರೆ ಆಮ್ಲಶಾಮಕ, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳ ಬಗ್ಗೆ ಕೇಳಿ. ಅವು ಈ ಔಷಧ ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಹೊಟ್ಟೆಯುರಿ ಎಂದು ದಿನವಿಡೀ ಆಮ್ಲಶಾಮಕ ಚೀಪುವವರು ನಮ್ಮಲ್ಲಿ ಬಹಳ, ಮತ್ತು ಅದನ್ನು ಅವರು ಔಷಧವೆಂದೇ ಎಣಿಸುವುದಿಲ್ಲ. 4ರಿಂದ 6 ವಾರದಲ್ಲಿ ಒಮ್ಮೆ, 12ನೇ ವಾರ ಒಮ್ಮೆ ಮತ್ತೆ ಪರೀಕ್ಷೆಯಾಗಬೇಕು. 28 ದಿನ ಮುಗಿಯುವ ಹೊತ್ತಿಗೆ, ಮುಂದೆಯೂ ಇಂಥ ಸಂದರ್ಭ ಬರಬಹುದು ಎನ್ನುವವರಿಗೆ ನಡುವೆ ಬಿಡುವು ಕೊಡದೆ ಪ್ರೆಪ್ ಶುರುಮಾಡಿ.

ನಿಮ್ಮ ಅಂಗಡಿಯಲ್ಲಿ ಯಾವುದೋ ಕಾರಣಕ್ಕೆ ಅಂದು ಕೊಡಲಾಗದಿದ್ದರೆ ತುರ್ತು ವಿಭಾಗಕ್ಕೆ ಕಳುಹಿಸಿ. ಅಥವಾ ಇನ್ನೊಂದು ಅಂಗಡಿಗೆ ನೀವೇ ಫೋನ್ ಮಾಡಿ, ಮಾತ್ರೆ ಇದೆಯೆಂದು ಖಚಿತ ಮಾಡಿಕೊಂಡು ಕಳುಹಿಸಿ. ಸೋಮವಾರ ಎಂಬ ಮಾತು ಬೇಡ.

ಹಣ ಮತ್ತು ಮನೆಗೆ ಬರುವ ಕಾಗದ

ಹಣದ ವಿಷಯ ಬೇಗ ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾದ ವಿಮೆಗಳು ಫಾರ್ಮಸಿಸ್ಟ್ ಕೊಟ್ಟ ಪ್ರೆಪ್‌ಗೂ, ಅದರ ಪರೀಕ್ಷೆಗಳಿಗೂ ಹಣ ಕೊಡಬೇಕು. ವಿಮೆಯಿಲ್ಲದವರಿಗೆ ರಾಜ್ಯದ ಪ್ರೆಪ್ ನೆರವು ಯೋಜನೆ ಇದೆ. ಬಿಲ್ ಮೊದಲ ಸಲ ತಿರಸ್ಕೃತವಾಗಿ ಬಂದರೆ ಅದನ್ನೇ ಕೊನೆಯೆಂದು ತಿಳಿಯದೆ ವಿಮೆಯವರಿಗೆ ಫೋನ್ ಮಾಡಿ.

ಇದಕ್ಕಿಂತ ದೊಡ್ಡದು ಆ ಹುಡುಗ ಎಲ್ಲ ಮುಗಿದ ಮೇಲೆ ಕೇಳಿದ ಪ್ರಶ್ನೆ: “ಮನೆಗೆ ಕಾಗದ ಬರುತ್ತದೆಯೇ?” ಇಲ್ಲಿ 26 ವರ್ಷದ ತನಕ ಮಕ್ಕಳು ತಂದೆತಾಯಿಯ ವಿಮೆಯಲ್ಲೇ ಇರಬಹುದು. ಯಾವ ಸೇವೆಗೆ ಎಷ್ಟು ಹಣ ಕೊಟ್ಟೆವು ಎಂದು ವಿಮೆಯವರು ಮನೆಗೆ ಪತ್ರ ಕಳುಹಿಸುತ್ತಾರೆ. 2022ರ ಜುಲೈನಿಂದ ಜಾರಿಯಲ್ಲಿರುವ ಎಬಿ 1184 ಕಾನೂನಿನ ಪ್ರಕಾರ, ಇಂಥ ಸೂಕ್ಷ್ಮ ಸೇವೆಗಳ ಪತ್ರ ತನಗೇ, ತಾನು ಹೇಳಿದ ವಿಳಾಸಕ್ಕೆ ಬರಬೇಕೆಂದು ಅವನು ಕೇಳಿಕೊಳ್ಳಬಹುದು. ಅಪ್ಪನ ಅನುಮತಿ ಬೇಕಿಲ್ಲ. ವಿಮೆಯ ಜಾಲತಾಣದಲ್ಲಿ ಆ ಅರ್ಜಿ ಇರುತ್ತದೆ. ಬಿಲ್ ಮಾಡುವ ಮುಂಚೆಯೇ ಅದನ್ನು ತುಂಬಿಸಿ. ಅಂದು ನಾವಿಬ್ಬರೂ ಅವನ ಮೊಬೈಲ್‌ನಲ್ಲಿ ಅದನ್ನು ತುಂಬಿ ಕಳುಹಿಸಿದ ಮೇಲೆಯೇ ನಾನು ಕಂಪ್ಯೂಟರ್ ಮುಟ್ಟಿದ್ದು. ಅಂಗಡಿಯಿಂದ ತಾನಾಗಿ ಹೋಗುವ ಸಂದೇಶಗಳು ಯಾವ ಸಂಖ್ಯೆಗೆ ಹೋಗುತ್ತವೆ ಎಂದೂ ನೋಡಿ. ಎಷ್ಟೋ ಸಲ ಅದು ಹತ್ತು ವರ್ಷದ ಹಿಂದೆ ಅಮ್ಮ ಕೊಟ್ಟ ಸಂಖ್ಯೆಯಾಗಿರುತ್ತದೆ.

ಅವರ ವೈದ್ಯರಿಗೆ ತಿಳಿಸಲು ಒಪ್ಪಿಗೆ ಕೇಳಿ. ವೈದ್ಯರಿಲ್ಲದಿದ್ದರೆ ಅಥವಾ ಬೇಡವೆಂದರೆ ವೈದ್ಯರ ಪಟ್ಟಿ ಕೊಡಿ, ಕೊಟ್ಟದ್ದನ್ನು ದಾಖಲಿಸಿ.

ಮೂರು ತಿಂಗಳ ನಂತರ

ಎಚ್‌ಐವಿ ಪರೀಕ್ಷೆ ಪ್ರತಿ ಮೂರು ತಿಂಗಳಿಗೊಮ್ಮೆ ಆಗಲೇಬೇಕು. ಬಹಳ ಮಂದಿ ಕೈತಪ್ಪುವುದು ಇಲ್ಲಿಯೇ. ನಾನು 75ನೇ ದಿನಕ್ಕೆ ಒಂದು ಗುರುತು ಹಾಕಿಟ್ಟುಕೊಂಡು, ಅವರು ಹೇಳಿದ ಹೊತ್ತಿಗೆ, ಅವರು ಹೇಳಿದ ಸಂಖ್ಯೆಗೆ ಕರೆ ಮಾಡುತ್ತೇನೆ. ಬೇರೆ ಯಾರಾದರೂ ಎತ್ತಿದರೆ ಔಷಧದ ಹೆಸರು ಹೇಳುವುದಿಲ್ಲ. ಮಾತ್ರೆ ತಪ್ಪಿದ್ದರೆ ಬೈಯುವುದಿಲ್ಲ, ಎಷ್ಟು ದಿನ ತಪ್ಪಿತು ಎಂದಷ್ಟೇ ಕೇಳುತ್ತೇನೆ. ಬೈದರೆ ಮುಂದಿನ ಸಲ ಸುಳ್ಳು ಹೇಳುತ್ತಾರೆ.

ಹೋದ ತಿಂಗಳು ಆ ಹುಡುಗ ನಾಲ್ಕನೆಯ ಸಲ ಬಂದಿದ್ದ. ಬೆರಳು ಚಾಚಿದ, 20 ನಿಮಿಷ ಕುಳಿತ, ಮೂರು ಡಬ್ಬಿ ತೆಗೆದುಕೊಂಡ. ಏಳುವಾಗ, ತನ್ನ ಗೆಳೆಯನೊಬ್ಬನಿಗೂ ಬೇಕಂತೆ, ಅವನೂ ನಮ್ಮ ಕಡೆಯವನೇ, ಯಾವ ದಿನ ಕಳುಹಿಸಲಿ ಎಂದು ಕೇಳಿದ. ಗುರುವಾರ ನಾನು ಇರುವುದಿಲ್ಲ ಎಂದೆ.

“ಅದಕ್ಕೇ ಕೇಳಿದ್ದು ಅಕ್ಕ, ನೀವು ಇರುವ ದಿನ ಹೇಳಿ” ಎಂದ. ಒಂದು ರಸೀದಿಯ ಹಿಂದೆ ಬರೆದುಕೊಟ್ಟೆ: ಸೋಮವಾರ, ಬುಧವಾರ, ಶನಿವಾರ ರಾತ್ರಿ ಒಂಬತ್ತರ ತನಕ.